ಅಳಿಸಿದರೂ ಅಳಿಯದ ಪ್ರಿಂಟರ್

ಸರಕು ತುಂಬಿದ ಲಾರಿ ಗೋದಾಮಿನ ಮುಂದೆ ನಿಂತಿರುತ್ತದೆ. ಚಾಲಕ ಎರಡು ಬಾರಿ ಬಂದು ವಿಚಾರಿಸಿ ಹೋಗಿರುತ್ತಾನೆ. ಗಣಕಯಂತ್ರದ ಪರದೆಯ ಮೇಲೆ ಬಿಲ್ಲು ಸಿದ್ಧವಾಗಿದೆ. ಕಾಗದದ ಮೇಲೆ ಮಾತ್ರ ಇಳಿಯುತ್ತಿಲ್ಲ. ಪ್ರಿಂಟರಿನ ಹಸಿರು ದೀಪ ಏನೂ ಆಗಿಲ್ಲವೆಂಬಂತೆ ಉರಿಯುತ್ತಲೇ ಇರುತ್ತದೆ. ಇಂತಹ ಒಂದು ಸಂಜೆಯನ್ನು ಕಾಣದ ವ್ಯಾಪಾರಿ ಕಚೇರಿ ನಮ್ಮ ರಾಜ್ಯದಲ್ಲಿ ವಿರಳವೆಂದೇ ಹೇಳಬೇಕು. ಅನಂತರ ನಡೆಯುವುದೂ ಎಲ್ಲೆಡೆ ಬಹುತೇಕ ಒಂದೇ. ಪ್ರಿಂಟರನ್ನು ಆರಿಸಿ ಮತ್ತೆ ಹಾಕುತ್ತಾರೆ, ಕೇಬಲ್ಲನ್ನು ಕಿತ್ತು ಬೇರೆ ರಂಧ್ರಕ್ಕೆ ಚುಚ್ಚುತ್ತಾರೆ, ಕೊನೆಗೆ ಪರದೆಯ ಮೇಲಿನ ಪ್ರಿಂಟರಿನ ಚಿತ್ರವನ್ನು ಅಳಿಸಿ ಮತ್ತೊಮ್ಮೆ ಸೇರಿಸುತ್ತಾರೆ. ಅದೃಷ್ಟವಿದ್ದರೆ ಒಂದು ಪ್ರತಿ ಹೊರಬರುತ್ತದೆ, ಲಾರಿ ಹೊರಡುತ್ತದೆ. ಸೋಮವಾರ ಬೆಳಿಗ್ಗೆ ಅದೇ ಕಥೆ ಪುನರಾರಂಭವಾಗುತ್ತದೆ.

ಕಾಗದರಹಿತ ವ್ಯವಹಾರದ ಈ ಯುಗದಲ್ಲಿ ಪ್ರಿಂಟರಿನ ಬಗ್ಗೆ ಇಷ್ಟು ಚಿಂತೆ ಏಕೆ ಎಂಬ ಪ್ರಶ್ನೆ ಸಹಜ. ಸರಕು ಮತ್ತು ಸೇವಾ ತೆರಿಗೆ ನಿಯಮಾವಳಿಯ 48ನೆಯ ನಿಯಮವು ಸರಕಿನ ಬಿಲ್ಲನ್ನು ಮೂರು ಪ್ರತಿಗಳಲ್ಲಿ ಸಿದ್ಧಪಡಿಸಬೇಕೆನ್ನುತ್ತದೆ: ಮೂಲ ಪ್ರತಿ ಖರೀದಿದಾರನಿಗೆ, ಎರಡನೆಯದು ಸಾಗಣೆದಾರನಿಗೆ, ಮೂರನೆಯದು ಮಾರಾಟಗಾರನಿಗೆ. ಇ-ವೇ ಬಿಲ್ಲಿನ ಸಂಖ್ಯೆಯನ್ನು ಮೊಬೈಲಿನಲ್ಲಿ ತೋರಿಸಲು 138ಎ ನಿಯಮದಲ್ಲಿ ಅವಕಾಶವಿದೆ. ಇ-ಇನ್‌ವಾಯ್ಸ್ ಮಾಡುವವರು ಕಾಗದದ ಬಿಲ್ಲಿನ ಬದಲು ಕ್ಯೂಆರ್ ಸಂಕೇತವನ್ನು ತೋರಿಸಲೂಬಹುದು. ಆದರೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾದದ್ದು 5 ಕೋಟಿ ರೂಪಾಯಿ ಮೀರಿದ ವಹಿವಾಟು ಇರುವವರಿಗೆ. ಅದಕ್ಕಿಂತ ಕೆಳಗಿನ ಅಸಂಖ್ಯ ವ್ಯಾಪಾರಿಗಳ ಸರಕಿನ ಜೊತೆ ಇಂದಿಗೂ ಕಾಗದವೇ ಪ್ರಯಾಣ ಮಾಡುತ್ತದೆ. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ಲನ್ನು 2018ರ ಏಪ್ರಿಲ್ 1ರಂದೇ, ದೇಶದಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದದ್ದು ಕರ್ನಾಟಕ. ಹಾಗಿದ್ದೂ ತೂಕದ ಸೇತುವೆಯಲ್ಲಿ, ಲಾರಿ ಆಫೀಸಿನಲ್ಲಿ, ಖರೀದಿದಾರನ ಕಾರ್ಖಾನೆಯ ಗೇಟಿನಲ್ಲಿ ಕೇಳುವುದು ಕಾಗದವನ್ನೇ. ಪ್ರಿಂಟರ್ ನಿಂತರೆ ಮಾಲು ನಿಲ್ಲುತ್ತದೆ. ಮಾಲು ನಿಂತರೆ ಹಣ ನಿಲ್ಲುತ್ತದೆ.

ಪ್ರಿಂಟರ್ ಕೆಟ್ಟಿತೆಂದು ಹೇಳಲಾಗುವ ಪ್ರಸಂಗಗಳಲ್ಲಿ ಅನೇಕ ವೇಳೆ ಪ್ರಿಂಟರ್ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಗಣಕಯಂತ್ರದೊಳಗೆ ಆ ಪ್ರಿಂಟರಿನ ಬಗ್ಗೆ ಇರುವ ದಾಖಲೆ. ಪರದೆಯ ಮೇಲೆ ಕಾಣುವ ಪ್ರಿಂಟರಿನ ಚಿತ್ರವು ಈ ದಾಖಲೆಯ ಮೇಲ್ಭಾಗ ಮಾತ್ರ. ಅದರ ಕೆಳಗೆ ಮುದ್ರಣದ ಸರದಿ ಸಾಲಿದೆ. ಅದಕ್ಕೂ ಕೆಳಗೆ ಪ್ರಿಂಟರಿನ ಭಾಷೆ ಬಲ್ಲ ಡ್ರೈವರ್ ಎಂಬ ತಂತ್ರಾಂಶವಿದೆ. ಆ ಡ್ರೈವರಿನ ಮೂಲ ಪ್ರತಿಯೊಂದನ್ನು ವಿಂಡೋಸ್ ತನ್ನದೇ ಉಗ್ರಾಣದಲ್ಲಿ ಬೇರೆಯಾಗಿ ಕಾದಿಟ್ಟಿರುತ್ತದೆ. ಪ್ರಿಂಟರ್ ಯಾವ ದಾರಿಯಲ್ಲಿ ಸಿಗುತ್ತದೆಂಬುದನ್ನು ಹೇಳುವ ಪೋರ್ಟ್ ಮತ್ತೊಂದು. ಇವೆಲ್ಲದರ ಜೊತೆಗೆ ತಯಾರಕರು ಕೊಟ್ಟ ಸಹಾಯಕ ತಂತ್ರಾಂಶ, ಇಂಕಿನ ಮಟ್ಟ ತೋರಿಸುವ ಕಿಟಕಿ, ಸ್ಕ್ಯಾನರಿನ ಭಾಗ ಇತ್ಯಾದಿ. ಚಿತ್ರವನ್ನು ಅಳಿಸಿದಾಗ ಹೋಗುವುದು ಮೇಲಿನ ಒಂದು ಪದರ ಮಾತ್ರ. ಅದೇ ಮಾದರಿಯ ಪ್ರಿಂಟರನ್ನು ಮತ್ತೆ ಸೇರಿಸಿದೊಡನೆ ವಿಂಡೋಸ್ ಉಗ್ರಾಣದಲ್ಲಿದ್ದ ಹಳೆಯ, ಬಹುಶಃ ಹಾಳಾದ, ಡ್ರೈವರನ್ನೇ ಎತ್ತಿ ತಂದು ಕೂರಿಸುತ್ತದೆ. ಗರಿಕೆಯನ್ನು ಮೇಲೆ ಕುಯ್ದು ಬೇರನ್ನು ಬಿಟ್ಟ ಹೊಲದ ಸ್ಥಿತಿಯೇ ಇಲ್ಲಿಯದು. ಕಚೇರಿಗಳಲ್ಲಿ ನಡೆಯುವ ಪ್ರಿಂಟರ್ ರಿಪೇರಿಯ ದೋಷವೆಲ್ಲ ಈ ಅರ್ಧ ತೆಗೆಯುವಿಕೆಯಲ್ಲಿದೆ. ಇದನ್ನು ಪೂರ್ತಿಯಾಗಿ ತೆಗೆಯುವ ಕ್ರಮವನ್ನು ಪ್ರತಿಯೊಂದು ಕಚೇರಿಯೂ ತನ್ನದಾಗಿ ಮಾಡಿಕೊಳ್ಳಬೇಕಾದುದು ಅವಶ್ಯ.

ಹಾಗೆಂದು ತೊಂದರೆ ಕಂಡೊಡನೆ ಎಲ್ಲವನ್ನೂ ಕಿತ್ತುಹಾಕುವುದೂ ಸಮಂಜಸವಲ್ಲ. ಬೇರುಸಹಿತ ತೆಗೆಯುವ ಅಗತ್ಯವೇ ಇಲ್ಲದ ಕೆಲವು ಸಾಮಾನ್ಯ ತೊಡಕುಗಳಿವೆ. ಯುಎಸ್‌ಬಿ ಕೇಬಲ್ಲನ್ನು ಒಂದು ರಂಧ್ರದಿಂದ ಮತ್ತೊಂದಕ್ಕೆ ಬದಲಿಸಿದಾಗ ಕೆಲವು ಪ್ರಿಂಟರುಗಳನ್ನು ವಿಂಡೋಸ್ ಹೊಸ ಯಂತ್ರವೆಂದೇ ಭಾವಿಸಿ, ಅದೇ ಹೆಸರಿನ ಮುಂದೆ 'ಕಾಪಿ 1' ಎಂದು ಸೇರಿಸಿ ಇನ್ನೊಂದನ್ನು ಸೃಷ್ಟಿಸುತ್ತದೆ. ಲೆಕ್ಕಪತ್ರದ ತಂತ್ರಾಂಶ ಬಿಲ್ಲನ್ನು ಹಳೆಯದಕ್ಕೇ ಕಳುಹಿಸುತ್ತಿರುತ್ತದೆ. ಹಳೆಯದು ಯಾರೂ ಇಲ್ಲದ ಬಾಗಿಲನ್ನು ತಟ್ಟುತ್ತಿರುತ್ತದೆ. ಪ್ರಿಂಟರಿನ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್ ಎಂಬಲ್ಲಿ ಸರಿಯಾದ ಪೋರ್ಟನ್ನು ಗುರುತಿಸಿದರೆ ಕೆಲಸ ಮುಗಿಯಿತು. 2015ರಿಂದ ವಿಂಡೋಸ್ 10ರಲ್ಲಿ, ಅನಂತರ ವಿಂಡೋಸ್ 11ರಲ್ಲಿಯೂ ಇರುವ ಇನ್ನೊಂದು ಸೌಲಭ್ಯವು ಕಡೆಯ ಬಾರಿ ಬಳಸಿದ ಪ್ರಿಂಟರನ್ನೇ ಮುಖ್ಯ ಪ್ರಿಂಟರನ್ನಾಗಿ ಮಾಡುತ್ತದೆ. ಮಧ್ಯಾಹ್ನ ಯಾರೋ ಒಂದು ಪತ್ರವನ್ನು ಪಿಡಿಎಫ್ ಆಗಿ ಉಳಿಸಿರುತ್ತಾರೆ, ಸಂಜೆಯ ಬಿಲ್ಲುಗಳೆಲ್ಲ ಕಾಗದಕ್ಕೆ ಹೋಗುವ ಬದಲು ಪಿಡಿಎಫ್‌ಗೆ ಹೋಗುತ್ತವೆ. ಆ ಸೌಲಭ್ಯವನ್ನು ವ್ಯಾಪಾರಿ ಕಚೇರಿಗಳಲ್ಲಿ ನಿಲ್ಲಿಸಿಡುವುದೇ ಲೇಸು.

ಜಾಲದಲ್ಲಿರುವ ಪ್ರಿಂಟರುಗಳ ಕಥೆ ವಿದ್ಯುತ್ತಿನೊಂದಿಗೆ ಹೆಣೆದುಕೊಂಡಿದೆ. ವಿದ್ಯುತ್ ಹೋಗಿ ಬಂದ ಮೇಲೆ ರೌಟರ್ ಮತ್ತೆ ಆರಂಭವಾಗುತ್ತದೆ, ಗಣಕಯಂತ್ರಗಳಿಗೂ ಪ್ರಿಂಟರಿಗೂ ಹೊಸದಾಗಿ ವಿಳಾಸ ಹಂಚುತ್ತದೆ. ನಿನ್ನೆ ಒಂದು ಐಪಿ ವಿಳಾಸದಲ್ಲಿದ್ದ ಪ್ರಿಂಟರ್ ಇಂದು ಮತ್ತೊಂದರಲ್ಲಿರುತ್ತದೆ. ಗಣಕಯಂತ್ರ ಹಳೆಯ ವಿಳಾಸಕ್ಕೆ ಹೋಗಿ ಉತ್ತರ ಸಿಗದೆ 'ಆಫ್‌ಲೈನ್' ಎಂದು ಬರೆಯುತ್ತದೆ. ಇಲ್ಲಿ ಡ್ರೈವರನ್ನು ನೂರು ಬಾರಿ ತೆಗೆದು ಹಾಕಿದರೂ ಮುಂದಿನ ವಿದ್ಯುತ್ ಕಡಿತದವರೆಗೆ ಮಾತ್ರ ಸುಖ. ರೌಟರಿನಲ್ಲಿ ಆ ಪ್ರಿಂಟರಿಗೆ ಒಂದು ವಿಳಾಸವನ್ನು ಶಾಶ್ವತವಾಗಿ ಕಾದಿರಿಸಬೇಕು, ವಿಂಡೋಸ್ ತಾನಾಗಿ ಹುಡುಕಿ ಕೂರಿಸುವ ಡಬ್ಲ್ಯೂಎಸ್‌ಡಿ ಪೋರ್ಟಿನ ಬದಲು ಆ ವಿಳಾಸಕ್ಕೆ ಟಿಸಿಪಿ/ಐಪಿ ಪೋರ್ಟನ್ನು ಕೊಡಬೇಕು. ಅರ್ಧ ಗಂಟೆಯ ಈ ಕೆಲಸವನ್ನು ಮಾಡದೆ ವರ್ಷವಿಡೀ ತಂತ್ರಜ್ಞನಿಗೆ ಫೋನು ಮಾಡುವ ಕಚೇರಿಗಳು ಬಹಳ.

ಮೂರನೆಯದು ಸಿಕ್ಕಿಕೊಂಡ ಸರದಿ. ಮುದ್ರಣಕ್ಕೆ ಕಳುಹಿಸಿದ ಪ್ರತಿಯೊಂದು ಕಾಗದವೂ ಮೊದಲು ಪ್ರಿಂಟ್ ಸ್ಪೂಲರ್ ಎಂಬ ಸೇವೆಯ ಕೈಗೆ ಹೋಗುತ್ತದೆ. ಅದು ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32, ಅದರೊಳಗಿನ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಎಂಬ ಫೋಲ್ಡರಿನಲ್ಲಿ ಪ್ರತಿ ಕೆಲಸಕ್ಕೂ ಎರಡೆರಡು ಕಡತಗಳನ್ನು ಇಟ್ಟುಕೊಳ್ಳುತ್ತದೆ. ಮಧ್ಯದಲ್ಲಿ ವಿದ್ಯುತ್ ಹೋದರೆ ಅಥವಾ ಕೇಬಲ್ ಕಳಚಿದರೆ ಒಂದು ಕಡತ ಹಾಳಾಗಿ ಸಾಲಿನ ತಲೆಯಲ್ಲೇ ಕುಳಿತುಬಿಡುತ್ತದೆ. ಅದನ್ನು ಅಳಿಸಲು ಹೋದರೆ 'ಡಿಲೀಟಿಂಗ್' ಎಂದು ತೋರಿಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ, ಹಿಂದಿನವೆಲ್ಲ ಕಾಯುತ್ತವೆ. ಸರ್ವೀಸಸ್ ಎಂಬ ಪಟ್ಟಿಯಲ್ಲಿ ಸ್ಪೂಲರನ್ನು ನಿಲ್ಲಿಸಿ, ಆ ಫೋಲ್ಡರಿನ ಒಳಗಿರುವ ಕಡತಗಳನ್ನು ಮಾತ್ರ ಅಳಿಸಿ (ಫೋಲ್ಡರನ್ನಲ್ಲ), ಸೇವೆಯನ್ನು ಮತ್ತೆ ಆರಂಭಿಸಿದರೆ ಸಾಲು ಶುಭ್ರವಾಗುತ್ತದೆ. ಬಾಕಿಯಿದ್ದ ಬಿಲ್ಲುಗಳನ್ನು ಮತ್ತೊಮ್ಮೆ ಕಳುಹಿಸಬೇಕಾಗುತ್ತದೆ ಎಂಬುದನ್ನು ಗುಮಾಸ್ತರಿಗೆ ಮೊದಲೇ ತಿಳಿಸಿರಬೇಕು. ಇಲ್ಲವಾದಲ್ಲಿ ಯಾವ ಬಿಲ್ಲು ಮುದ್ರಣವಾಗಿದೆ, ಯಾವುದು ಆಗಿಲ್ಲ ಎಂಬ ಗೊಂದಲ ತಿಂಗಳ ಲೆಕ್ಕದವರೆಗೆ ಬೆನ್ನುಹತ್ತುತ್ತದೆ.

ಈ ಮೂರೂ ಫಲಿಸದಿದ್ದಾಗ, ಅಥವಾ ಕಾಗದದ ತುಂಬ ಅರ್ಥವಿಲ್ಲದ ಚಿಹ್ನೆಗಳು ಬೀಳತೊಡಗಿದಾಗ, 'ಡ್ರೈವರ್ ಅನ್‌ಅವೈಲಬಲ್' ಎಂದು ಪರದೆ ಹೇಳಿದಾಗ, ಪೂರ್ತಿ ತೆಗೆಯುವ ಕಾಲ ಬಂದಿತೆಂದು ತಿಳಿಯಬೇಕು. ಇಲ್ಲಿ ಕ್ರಮವೇ ಮುಖ್ಯ. ಮೊದಲು ಪ್ರಿಂಟರಿನ ಕೇಬಲ್ಲನ್ನು ಗಣಕಯಂತ್ರದಿಂದ ಕಳಚಿಡಬೇಕು. ಕೇಬಲ್ ಇದ್ದರೆ ಒಂದು ಕಡೆ ತೆಗೆಯುತ್ತಿದ್ದಂತೆ ಇನ್ನೊಂದು ಕಡೆ ವಿಂಡೋಸ್ ತಾನೇ ಮತ್ತೆ ಕೂರಿಸುತ್ತಿರುತ್ತದೆ. ಸರದಿಯನ್ನು ಮೇಲೆ ಹೇಳಿದಂತೆ ಶುಭ್ರಗೊಳಿಸಿ, ತಯಾರಕರ ತಂತ್ರಾಂಶವನ್ನು ಅಳವಡಿತ ತಂತ್ರಾಂಶಗಳ ಪಟ್ಟಿಯಿಂದ ತೆಗೆದು, ಆ ಬಳಿಕ ಪ್ರಿಂಟರಿನ ಚಿತ್ರವನ್ನು ಅಳಿಸಬೇಕು. ಹೆಚ್ಚಿನವರು ನಿಲ್ಲಿಸುವುದು ಇಲ್ಲಿಯೇ. ನಿಜವಾದ ಕೆಲಸವಾದರೋ ಇಲ್ಲಿಂದ ಮುಂದಿದೆ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಎಂಬ ಕಿಟಕಿಯನ್ನು ತೆರೆದರೆ ಡ್ರೈವರ್ಸ್ ಎಂಬ ಪುಟ ಕಾಣುತ್ತದೆ. ವರ್ಷಗಳ ಹಿಂದೆ ಮಾರಿದ, ಗುಜರಿಗೆ ಹಾಕಿದ, ಬೇರೆ ಶಾಖೆಗೆ ಕಳುಹಿಸಿದ ಪ್ರಿಂಟರುಗಳ ಹೆಸರುಗಳೆಲ್ಲ ಅಲ್ಲಿ ಹಳೆಯ ಖಾತೆ ಪುಸ್ತಕದ ಬಾಕಿಗಳಂತೆ ಸಾಲಾಗಿ ಕುಳಿತಿರುತ್ತವೆ. ತೊಂದರೆ ಕೊಡುವ ಮಾದರಿಯನ್ನು ಗುರುತಿಸಿ ತೆಗೆಯಲು ಹೊರಟಾಗ ಎರಡು ಆಯ್ಕೆಗಳು ಬರುತ್ತವೆ: ಡ್ರೈವರನ್ನು ಮಾತ್ರ ತೆಗೆಯುವುದು, ಅಥವಾ ಡ್ರೈವರ್ ಮತ್ತು ಡ್ರೈವರ್ ಪ್ಯಾಕೇಜ್ ಎರಡನ್ನೂ ತೆಗೆಯುವುದು. ಎರಡನೆಯದನ್ನೇ ಆರಿಸಬೇಕು, ಉಗ್ರಾಣದಲ್ಲಿನ ಮೂಲ ಪ್ರತಿ ಹೋಗುವುದು ಆಗ ಮಾತ್ರ. ಡ್ರೈವರ್ ಬಳಕೆಯಲ್ಲಿದೆ ಎಂದು ವಿಂಡೋಸ್ ಹಠ ಹಿಡಿದರೆ ಸ್ಪೂಲರನ್ನು ಒಮ್ಮೆ ನಿಲ್ಲಿಸಿ ಆರಂಭಿಸಿ, ಅದು ಮತ್ತೆ ಡ್ರೈವರನ್ನು ಕೈಗೆತ್ತಿಕೊಳ್ಳುವ ಮೊದಲೇ ಪ್ರಯತ್ನಿಸಿದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಕೊನೆಗೆ ಡಿವೈಸ್ ಮ್ಯಾನೇಜರಿನಲ್ಲಿ ಅಡಗಿರುವ ಸಾಧನಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿ, ಮಸುಕಾಗಿ ಕಾಣುವ ಹಳೆಯ ಪ್ರಿಂಟರ್ ನಮೂದುಗಳನ್ನೂ ಕಿತ್ತುಹಾಕಬೇಕು.

ಆಮೇಲೆ ಗಣಕಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ಶಟ್‌ಡೌನ್ ಮಾಡಿ ಮತ್ತೆ ಹಾಕಿದರೆ ಸಾಲದೇ ಎಂದು ಕೇಳುವವರುಂಟು. ಸಾಲದು. ವಿಂಡೋಸ್ 8ರಿಂದೀಚೆಗೆ ಬಂದಿರುವ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆಯಿಂದಾಗಿ ಶಟ್‌ಡೌನ್ ಆದಾಗ ಗಣಕಯಂತ್ರದ ಒಳಭಾಗ ಪೂರ್ಣವಾಗಿ ಆರುವುದಿಲ್ಲ. ಬೇಗ ಎದ್ದೇಳಲೆಂದು ತನ್ನ ಸ್ಥಿತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಪೂರ್ತಿ ಹೊಸದಾಗಿ ಆರಂಭವಾಗುವುದು ರೀಸ್ಟಾರ್ಟಿನಲ್ಲಿ. ಆರಿಸಿ ಹಾಕಿದರೂ ಸರಿಹೋಗಲಿಲ್ಲವೆಂಬ ದೂರುಗಳಲ್ಲಿ ಕೆಲವಕ್ಕಾದರೂ ಕಾರಣ ಇಷ್ಟೇ.

ತೆಗೆಯುವ ಮುನ್ನ ಮಾಡಿಕೊಳ್ಳಬೇಕಾದ ಟಿಪ್ಪಣಿಯ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು, ಏಕೆಂದರೆ ವ್ಯಾಪಾರಿಗೆ ನಿಜವಾದ ನಷ್ಟ ಉಂಟಾಗುವುದು ಇದನ್ನು ಮರೆತಾಗ. ಲೆಕ್ಕಪತ್ರದ ತಂತ್ರಾಂಶಗಳು ಪ್ರಿಂಟರನ್ನು ಅದರ ಹೆಸರಿನಿಂದಲೇ ಗುರುತಿಟ್ಟುಕೊಳ್ಳುತ್ತವೆ. ಮರುಸ್ಥಾಪನೆಯ ನಂತರ ಹೆಸರು ಒಂದಕ್ಷರ ಬದಲಾದರೂ ಬಿಲ್ಲಿನ ಹೊಂದಾಣಿಕೆ ತಪ್ಪುತ್ತದೆ. ಹಳೆಯ ಹೆಸರನ್ನೇ ಯಥಾವತ್ತಾಗಿ ಕೊಡಬೇಕು. ಡಾಟ್ ಮ್ಯಾಟ್ರಿಕ್ಸ್ ಬಳಸುವವರು ಮುದ್ರಿತ ಬಿಲ್ ಫಾರಮಿನ ಅಳತೆ, ಅಂಚು, ಕಾಗದ ಎಳೆಯುವ ವಿಧಾನ ಇವನ್ನೆಲ್ಲ ಬರೆದಿಟ್ಟುಕೊಳ್ಳದಿದ್ದರೆ ಮೊತ್ತವು ತೆರಿಗೆಯ ಕಲಮಿನಲ್ಲೂ ತೆರಿಗೆಯು ಸಹಿಯ ಜಾಗದಲ್ಲೂ ಬಂದು ಬೀಳುತ್ತದೆ. ಮೂರು ಪ್ರತಿಯ ಕಾರ್ಬನ್‌ರಹಿತ ಕಾಗದದ ಒಂದು ಕಟ್ಟು ಹೀಗೆಯೇ ಅಳತೆ ಕೂರಿಸುವುದರಲ್ಲಿ ಮುಗಿದುಹೋಗುತ್ತದೆ. ಕನ್ನಡದಲ್ಲಿ ಬಿಲ್ಲು ಕೊಡುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಡಾಟ್ ಮ್ಯಾಟ್ರಿಕ್ಸ್ ಯಂತ್ರವು ಅಕ್ಷರ ವಿಧಾನದಲ್ಲಿ ತನ್ನೊಳಗಿನ ಅಕ್ಷರಗಳನ್ನು ಮಾತ್ರ ಬಲ್ಲದು. ಕನ್ನಡವು ಚಿತ್ರವಾಗಿಯೇ ಹೋಗಬೇಕು. ತಂತ್ರಜ್ಞನು ಅವಸರದಲ್ಲಿ 'ಜನರಿಕ್ ಟೆಕ್ಸ್ಟ್ ಓನ್ಲಿ' ಎಂಬ ಡ್ರೈವರನ್ನು ಕೂರಿಸಿ ಹೋದರೆ ಇಂಗ್ಲಿಷ್ ಬಿಲ್ಲು ವೇಗವಾಗಿ ಬರುತ್ತದೆ, ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಅದನ್ನು ಕಂಡು 'ಕನ್ನಡ ಹಾಕಿದ್ದಕ್ಕೇ ಪ್ರಿಂಟರ್ ಕೆಟ್ಟಿತು' ಎಂದು ತೀರ್ಮಾನಿಸಿ ಇಂಗ್ಲಿಷಿಗೆ ಮರಳುವುದು ನ್ಯಾಯವಲ್ಲ. ತಪ್ಪು ಭಾಷೆಯದಲ್ಲ, ಡ್ರೈವರಿನ ಆಯ್ಕೆಯದು.

ಮರಳಿ ಕೂರಿಸುವಾಗ ಡ್ರೈವರನ್ನು ಎಲ್ಲಿಂದ ತರಬೇಕೆಂಬುದು ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ತಯಾರಕರ ಅಧಿಕೃತ ತಾಣವೊಂದನ್ನು ಬಿಟ್ಟು ಬೇರೆಲ್ಲಿಂದಲೂ ತರಬಾರದು. ಪ್ರಿಂಟರಿನ ಮಾದರಿಯ ಹೆಸರು ಹಾಕಿ ಹುಡುಕಿದರೆ ಅಧಿಕೃತವೆಂದೇ ತೋರುವ ನಕಲಿ ತಾಣಗಳು, ಉಚಿತ ಸಹಾಯವಾಣಿಯ ಸಂಖ್ಯೆಗಳು ಎದುರಾಗುತ್ತವೆ. ಕರೆ ಮಾಡಿದರೆ ಅತ್ತಲಿನ ವ್ಯಕ್ತಿ ಅತ್ಯಂತ ವಿನಯದಿಂದ ಗಣಕಯಂತ್ರದ ದೂರ ನಿಯಂತ್ರಣ ಕೇಳುತ್ತಾನೆ. ಲಾರಿ ನಿಂತಿದೆ, ಅವಸರವಿದೆ, ಗುಮಾಸ್ತ ಒಪ್ಪಿಕೊಳ್ಳುತ್ತಾನೆ. ಅದೇ ಯಂತ್ರದಲ್ಲಿ ಬ್ಯಾಂಕಿನ ಖಾತೆ ತೆರೆದಿರುತ್ತದೆ. ಮಾಲೀಕನ ಡಿಜಿಟಲ್ ಸಹಿಯ ಟೋಕನ್ ಚುಚ್ಚಿಯೇ ಇರುತ್ತದೆ. ಪ್ರಿಂಟರ್ ರಿಪೇರಿಯ ಹೆಸರಿನಲ್ಲಿ ಅಂಗಡಿಯ ಬೀಗದ ಕೈಯನ್ನೇ ಅಪರಿಚಿತನಿಗೆ ಒಪ್ಪಿಸಿದಂತಾಯಿತು. ಹಣ ಹೋದುದು ತಿಳಿದ ಕ್ಷಣವೇ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು. ಪ್ರಿಂಟರಿನ ಕೆಲಸ ನಡೆಯುವಾಗ, ಅದನ್ನು ಯಾರೇ ಮಾಡುತ್ತಿರಲಿ, ಸಹಿಯ ಟೋಕನ್ನನ್ನು ಕಿತ್ತು ಮೇಜಿನ ಒಳಗಿಡುವುದು ಇನ್ನೂ ಒಳ್ಳೆಯ ಅಭ್ಯಾಸ.

ಇದಕ್ಕೆ ಹೊಂದಿಕೊಂಡ ಮತ್ತೊಂದು ದೌರ್ಬಲ್ಯವೆಂದರೆ ಕಚೇರಿಯ ಎಲ್ಲರಿಗೂ ಆಡಳಿತಾಧಿಕಾರದ ಪಾಸ್‌ವರ್ಡ್ ಹಂಚುವುದು. ಇದರ ಮೂಲವೂ ಪ್ರಿಂಟರಿನಲ್ಲೇ ಇದೆ. 2021ರ ಜುಲೈನಲ್ಲಿ ವಿಂಡೋಸ್ ಸ್ಪೂಲರಿನಲ್ಲಿ 'ಪ್ರಿಂಟ್‌ನೈಟ್‌ಮೇರ್' ಎಂದು ಹೆಸರಾದ ಗಂಭೀರ ಭದ್ರತಾ ದೋಷ ಬಯಲಾಯಿತು. ಅದರ ಪರಿಹಾರವಾಗಿ ಅದೇ ಆಗಸ್ಟಿನಿಂದ, ಜಾಲದ ಮೂಲಕ ಹಂಚಿಕೊಂಡ ಪ್ರಿಂಟರಿನ ಡ್ರೈವರನ್ನು ಕೂರಿಸಲು ಆಡಳಿತಾಧಿಕಾರ ಬೇಕೇಬೇಕೆಂದು ಮೈಕ್ರೋಸಾಫ್ಟ್ ನಿಯಮ ಮಾಡಿತು. ಸ್ಪೂಲರಿನ ಮೂಲಕ ಶತ್ರು ಒಳನುಗ್ಗುವುದು ಹೊಸದೇನಲ್ಲ. ಇರಾನಿನ ಅಣು ಸ್ಥಾವರವನ್ನು ಕಾಡಿದ, 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಹರಡಲು ಬಳಸಿದ ದಾರಿಗಳಲ್ಲಿ ಸ್ಪೂಲರಿನ ದೋಷವೂ ಒಂದಾಗಿತ್ತು. ಆದರೆ ಸಣ್ಣ ಕಚೇರಿಗಳಲ್ಲಿ ಈ ಕಟ್ಟುನಿಟ್ಟಿನ ಪರಿಣಾಮ ವಿಪರೀತವಾಯಿತು. ಪ್ರತಿ ಬಾರಿ ಪಾಸ್‌ವರ್ಡ್ ಕೇಳುವ ಕಿರಿಕಿರಿಯಿಂದ ತಪ್ಪಿಸಿಕೊಳ್ಳಲು ಎಲ್ಲರಿಗೂ ಪೂರ್ಣಾಧಿಕಾರ ಕೊಟ್ಟು, ಮುಚ್ಚಬೇಕಾದ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆದಿಟ್ಟಂತಾಯಿತು. ಪಾಸ್‌ವರ್ಡ್ ಮಾಲೀಕರ ಬಳಿ ಅಥವಾ ಅವರು ನಂಬಿದ ಒಬ್ಬರ ಬಳಿ ಮಾತ್ರ ಇರತಕ್ಕದ್ದು. ಪ್ರಿಂಟರ್ ವರ್ಷಕ್ಕೆ ಎರಡು ಬಾರಿ ಕೈಕೊಡಬಹುದು. ಅದಕ್ಕಾಗಿ ವರ್ಷವಿಡೀ ಬಾಗಿಲು ತೆರೆದಿಡಬೇಕಾಗಿಲ್ಲ.

ವ್ಯಾಪಾರಿ ತನ್ನ ವ್ಯಾಪಾರ ನೋಡಿಕೊಳ್ಳಲಿ, ಇದೆಲ್ಲ ತಂತ್ರಜ್ಞನ ಕೆಲಸ ಎಂಬ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಉತ್ತಮ ತಂತ್ರಜ್ಞ ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಗುಮಾಸ್ತ ಅರ್ಧ ದಿನ ವ್ಯಯಿಸಬಹುದು. ಆದರೆ ತಾಲ್ಲೂಕು ಕೇಂದ್ರದ ಅಂಗಡಿಗೆ ತಂತ್ರಜ್ಞ ಬರುವುದು ಮರುದಿನ. ಬಂದವನು ಚಿತ್ರವನ್ನಷ್ಟೇ ಅಳಿಸಿ ಸೇರಿಸಿ, ಪರೀಕ್ಷಾ ಪುಟವೊಂದನ್ನು ತೆಗೆದು ತೋರಿಸಿ ಶುಲ್ಕ ಪಡೆದರೆ, ಕೆಲಸ ಅರ್ಧಕ್ಕೆ ನಿಂತಿದೆಯೆಂದು ತಿಳಿಯುವ ಬಗೆ ಮಾಲೀಕರಿಗೆ ಇರುವುದಿಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಎಷ್ಟು ಭೇಟಿ ಎಂಬುದು ಬರೆದಿರುತ್ತದೆ, ಭೇಟಿಯಲ್ಲಿ ಏನು ಮಾಡಬೇಕೆಂಬುದು ಬರೆದಿರುವುದಿಲ್ಲ. ಗಾರೆ ಕೆಲಸ ಬಲ್ಲದ ಮಾಲೀಕನೂ ಗೋಡೆ ನೆಟ್ಟಗಿದೆಯೇ ಎಂದು ನೂಲು ಹಿಡಿದು ನೋಡಬಲ್ಲ. ಹಾಗೆಯೇ 'ಡ್ರೈವರ್ ಪ್ಯಾಕೇಜ್ ತೆಗೆದಿರಾ?' ಎಂದು ಕೇಳುವಷ್ಟು ತಿಳಿವಳಿಕೆಯಾದರೂ ಕಚೇರಿಯಲ್ಲಿ ಒಬ್ಬರಿಗೆ ಇರಬೇಕು. ಆ ಒಂದು ಪ್ರಶ್ನೆಯಿಂದಲೇ ಅರ್ಧ ರಿಪೇರಿಗಳು ಬಹಳ ಮಟ್ಟಿಗೆ ತಗ್ಗಬಹುದು.

ಇನ್ನು ಮುಂದೆ ಈ ತಿಳಿವಳಿಕೆಯ ಅಗತ್ಯ ಹೆಚ್ಚುವ ಲಕ್ಷಣಗಳೇ ಕಾಣುತ್ತಿವೆ. ಪ್ರಿಂಟರ್ ತಯಾರಕರ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವ ವ್ಯವಸ್ಥೆಯನ್ನು ಹಂತಹಂತವಾಗಿ ಹಿಂತೆಗೆದುಕೊಳ್ಳುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಹೊಸ ಪ್ರಿಂಟರುಗಳು ಐಪಿಪಿ ಎಂಬ ಸಾಮಾನ್ಯ ಭಾಷೆಯನ್ನು ಬಲ್ಲವಾದ್ದರಿಂದ ವಿಂಡೋಸ್ ಜೊತೆಯಲ್ಲೇ ಬರುವ ಒಂದು ಡ್ರೈವರ್ ಅವಕ್ಕೆ ಸಾಕು. ಆದರೆ ಮಂಡಿಗಳಲ್ಲಿ, ಲಾರಿ ಆಫೀಸುಗಳಲ್ಲಿ, ಔಷಧ ಸಗಟು ಅಂಗಡಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಡಾಟ್ ಮ್ಯಾಟ್ರಿಕ್ಸುಗಳಿಗೂ ಹಳೆಯ ಲೇಸರ್ ಪ್ರಿಂಟರುಗಳಿಗೂ ಆ ಭಾಷೆ ಬಾರದು. ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ನಂತರದ ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿದ್ದು, ಹಳೆಯ 32 ಬಿಟ್ ಡ್ರೈವರುಗಳನ್ನು ಸ್ವೀಕರಿಸುವುದಿಲ್ಲ. ತಯಾರಕರು ಹಳೆಯ ಮಾದರಿಯ ಪುಟವನ್ನು ತಾಣದಿಂದ ತೆಗೆದುಹಾಕಿದ ದಿನ, ಯಂತ್ರ ಗಟ್ಟಿಮುಟ್ಟಾಗಿದ್ದರೂ ಅದು ಗುಜರಿಯೇ. ಆದ್ದರಿಂದ ಕಚೇರಿಯ ಪ್ರತಿಯೊಂದು ಪ್ರಿಂಟರಿನ 64 ಬಿಟ್ ಡ್ರೈವರನ್ನು ಈಗಲೇ ಅಧಿಕೃತ ತಾಣದಿಂದ ಇಳಿಸಿ, ಎರಡು ಪೆನ್‌ಡ್ರೈವುಗಳಲ್ಲಿ ಇಟ್ಟುಕೊಳ್ಳುವುದು ವಿವೇಕ. ಅಳಿಸುವ ಕೆಲಸಕ್ಕೆ ಕೈಹಾಕುವುದು ಆ ಕಡತ ಕೈಯಲ್ಲಿದೆಯೆಂದು ಖಚಿತವಾದ ಮೇಲೆಯೇ.

ಡ್ರೈವರಿನ ವಿಷಯದಲ್ಲಿ ಬಳಕೆದಾರನ ಈ ಪರಾವಲಂಬನೆ ಹಳೆಯ ವ್ಯಾಧಿ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿದ್ದ ಜೆರಾಕ್ಸ್ ಪ್ರಿಂಟರೊಂದು ಕಾಗದ ಸಿಕ್ಕಿಹಾಕಿಕೊಂಡು ಪದೇ ಪದೇ ನಿಲ್ಲುತ್ತಿತ್ತು. ಅದರ ತಂತ್ರಾಂಶವನ್ನು ತಿದ್ದಲು ಮೂಲ ಬರಹ ಕೇಳಿದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಅದು ದೊರೆಯಲಿಲ್ಲ. 1983ರಲ್ಲಿ ಅವರು ಆರಂಭಿಸಿದ ಸ್ವತಂತ್ರ ತಂತ್ರಾಂಶ ಚಳವಳಿಯ ಹಿನ್ನೆಲೆಯಲ್ಲಿ ಆ ಹಠಮಾರಿ ಪ್ರಿಂಟರಿಗೂ ಒಂದು ಸ್ಥಾನವಿದೆ. ನಮ್ಮ ವ್ಯಾಪಾರಿಗಳು ಚಳವಳಿ ಹೂಡಬೇಕಾಗಿಲ್ಲ, ಡ್ರೈವರಿನ ಒಂದು ಪ್ರತಿಯನ್ನು ಕಾದಿಟ್ಟುಕೊಂಡರೆ ಸಾಕು.

ಪೂರ್ತಿ ತೆಗೆದು ಕೂರಿಸಿದರೂ ಸರಿಹೋಗದ ಪ್ರಸಂಗಗಳಿವೆ, ಅವನ್ನು ಗುರುತಿಸುವುದೂ ಅಷ್ಟೇ ಮುಖ್ಯ. 2021ರ ಮಾರ್ಚಿನ ವಿಂಡೋಸ್ ಅಪ್‌ಡೇಟಿನ ನಂತರ ಕೆಲವು ಪ್ರಿಂಟರುಗಳಿಗೆ ಮುದ್ರಣ ಆಜ್ಞೆ ಕೊಟ್ಟೊಡನೆ ಗಣಕಯಂತ್ರವೇ ನೀಲಿ ಪರದೆ ತೋರಿಸಿ ನಿಲ್ಲುತ್ತಿತ್ತು. 2025ರ ಜನವರಿ ಕೊನೆಯ ಅಪ್‌ಡೇಟಿನ ಬಳಿಕ ಕೆಲವು ಯುಎಸ್‌ಬಿ ಪ್ರಿಂಟರುಗಳು ಯಾರೂ ಕೇಳದೆಯೇ ಅರ್ಥವಿಲ್ಲದ ಅಕ್ಷರಗಳ ಪುಟಗಳನ್ನು ಹೊರಹಾಕತೊಡಗಿದವು. ಎರಡೂ ಬಾರಿ ದೋಷವಿದ್ದುದು ಅಪ್‌ಡೇಟಿನಲ್ಲಿ. ಪರಿಹಾರ ಬಂದದ್ದೂ ಮೈಕ್ರೋಸಾಫ್ಟಿನಿಂದಲೇ. ನಿನ್ನೆಯವರೆಗೆ ನೆಟ್ಟಗಿದ್ದು, ಅಪ್‌ಡೇಟ್ ಆದ ಮರುದಿನ ಒಂದೇ ಕಚೇರಿಯ ಹಲವು ಯಂತ್ರಗಳಲ್ಲಿ ಒಟ್ಟಿಗೇ ತೊಂದರೆ ಕಂಡರೆ ಪ್ರಿಂಟರನ್ನು ದೂಷಿಸದೆ ಅಪ್‌ಡೇಟನ್ನು ಹಿಂತೆಗೆಯುವುದೋ ಮುಂದಿನದಕ್ಕೆ ಕಾಯುವುದೋ ಸರಿ. ಇನ್ನು ಪ್ರಿಂಟರ್ ತನ್ನ ಗುಂಡಿ ಒತ್ತಿದಾಗ ತಾನೇ ಮುದ್ರಿಸುವ ಪರೀಕ್ಷಾ ಪುಟವೂ ಹಾಳಾಗಿ ಬರುತ್ತಿದ್ದರೆ ದೋಷ ನಿಶ್ಚಯವಾಗಿ ಯಂತ್ರದ್ದೇ: ಸವೆದ ರೋಲರ್, ಒಣಗಿದ ಹೆಡ್, ಮುರಿದ ಪಿನ್ನು. ಆಗ ಡ್ರೈವರನ್ನು ಮುಟ್ಟುವುದು ಕಾಲಹರಣ. ಖರ್ಚಿಲ್ಲದ ಈ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು. ಇದನ್ನು ಮಾಡದೆ ಹೊಸ ಪ್ರಿಂಟರ್ ಕೊಂಡು, ಹಳೆಯ ಡ್ರೈವರಿನ ತೊಂದರೆಯನ್ನೇ ಹೊಸ ಯಂತ್ರದಲ್ಲೂ ಅನುಭವಿಸಿದವರಿದ್ದಾರೆ.

ಜಿಲ್ಲಾ ವಾಣಿಜ್ಯ ಸಂಸ್ಥೆಗಳು ತೆರಿಗೆ ಲೆಕ್ಕಪತ್ರ ಸಲ್ಲಿಕೆ, ರಫ್ತು ವಿಧಾನ, ಸರ್ಕಾರಿ ಟೆಂಡರುಗಳ ಬಗ್ಗೆ ತರಬೇತಿ ಶಿಬಿರಗಳನ್ನು ನಡೆಸುತ್ತ ಬಂದಿರುವುದು ಶ್ಲಾಘನೀಯ. ಅವುಗಳಲ್ಲಿ ಮಾಲೀಕರೇ ಭಾಗವಹಿಸುತ್ತಾರೆ. ಬಿಲ್ಲು ಬರೆಯುವ, ಗಣಕಯಂತ್ರದ ಮುಂದೆ ದಿನವಿಡೀ ಕುಳಿತಿರುವ ಸಿಬ್ಬಂದಿಗೆ ಆಹ್ವಾನವಿರುವುದು ಅಪರೂಪ. ಮಾರ್ಚ್ ತಿಂಗಳ ಒತ್ತಡ ಆರಂಭವಾಗುವ ಮುನ್ನ, ಬಿಲ್ಲಿಂಗ್ ಗುಮಾಸ್ತರಿಗಾಗಿಯೇ ಅರ್ಧ ದಿನದ ಶಿಬಿರವೊಂದನ್ನು ಏರ್ಪಡಿಸಿ, ಬಳಕೆಯಲ್ಲಿರುವ ಒಂದು ಪ್ರಿಂಟರನ್ನು ಅವರ ಕೈಯಿಂದಲೇ ಪೂರ್ತಿ ತೆಗೆಸಿ ಪೂರ್ತಿ ಕೂರಿಸಿದರೆ ಆಗುವ ವೆಚ್ಚ ಅತ್ಯಲ್ಪ. ಶಿಬಿರಕ್ಕೆ ಬರುವಾಗ ತಮ್ಮ ಕಚೇರಿಯ ಪ್ರಿಂಟರಿನ ಮಾದರಿ, ಪೋರ್ಟ್, ಐಪಿ ವಿಳಾಸ, ಕಾಗದದ ಅಳತೆ, ತಂತ್ರಾಂಶದಲ್ಲಿರುವ ಹೆಸರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತರುವಂತೆ ಸೂಚಿಸಬೇಕು. ಹಿಂದಿರುಗಿದ ಮೇಲೆ ಆ ಹಾಳೆಯನ್ನು ಪ್ರಿಂಟರಿನ ಪಕ್ಕದ ಗೋಡೆಗೆ ಅಂಟಿಸಬಹುದು.